ಸನ್ನೆ ಕೊಡುವವನು ಒಬ್ಬನೇ ಇರಬೇಕು

ನಿವೃತ್ತಿಯಾದ ಮೇಲೆ ಶಿವಮೊಗ್ಗದ ರಾಗಿಗುಡ್ಡದ ಕಡೆ ಚಿಕ್ಕದೊಂದು ಮನೆ ಮಾಡಿಕೊಂಡಿದ್ದೇನೆ. ಪಕ್ಕದ ಮನೆಯಾಕೆ ಪೂಜೆಗೆ ನಮ್ಮ ದಾಸವಾಳ ಕೀಳಲು ಬಂದವರು ಒಂದು ದಿನ ಕೇಳಿದರು, "ಟೀಚರ್, ನೀವು ಚರ್ಚಲ್ಲಿ ಕೆಲ್ಸ ಮಾಡ್ತಿದ್ರಂತೆ. ಫಾದರ್ ಅಲ್ಲ, ಸಿಸ್ಟರ್ ಅಲ್ಲ. ಮತ್ತೇನ್ ಕೆಲ್ಸ ಅದು?"

"ಜನ ಯಾವಾಗ ಕೂರ್ಬೇಕು, ಯಾವಾಗ ನಿಲ್ಬೇಕು, ಯಾವಾಗ ಮಂಡಿ ಊರ್ಬೇಕು ಅಂತ ಹೇಳ್ಕೊಡೋದು."

"ಅದಕ್ಕೂ ಸಂಬಳ ಕೊಡ್ತಾರಾ ಮಾರಾಯ್ರೇ!"

ಆಕೆ ನಕ್ಕರು, ನಾನೂ ನಕ್ಕೆ. ಆದರೆ ಅದಕ್ಕಿಂತ ಸರಿಯಾದ ವಿವರಣೆ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಹುದ್ದೆಯ ಹೆಸರು ಉಪದೇಶಿ. ಮಕ್ಕಳಿಗೆ ಧರ್ಮಪಾಠ ಹೇಳುವುದು, ಭಾನುವಾರದ ಬಲಿಪೂಜೆಗೆ, ಅಂದರೆ ಇಂಗ್ಲಿಷಿನವರು ಮಾಸ್ ಅನ್ನುವುದಕ್ಕೆ, ಜನರನ್ನು ತಯಾರು ಮಾಡುವುದು, ಹಾಡಿನವರಿಗೆ ಹಾಡು ಹಂಚುವುದು, ಫಾದರ್ ಮರೆತದ್ದನ್ನು ನೆನಪಿಸುವುದು, ನೆನಪಿಟ್ಟದ್ದನ್ನು ಮರೆಸುವುದು. ಮೂರು ದಶಕಕ್ಕೂ ಹೆಚ್ಚು ಕಾಲ ಇದನ್ನೇ ಮಾಡಿದೆ. ಹೆಚ್ಚಿನ ಪಾಲು ಭದ್ರಾವತಿಯಲ್ಲಿ, ಕಾರ್ಖಾನೆಯ ಜನರ ನಡುವೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಆಗಾಗ ಬಂದು, "ಟೀಚರ್, ಏನಾದ್ರೂ ಹೇಳ್ಕೊಡಿ" ಅನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಳ್ಳೆಯ ಮಾತು ಹೇಳಲು ಪುಸ್ತಕಗಳಿವೆ, ನಾನು ನನ್ನ ತಪ್ಪುಗಳನ್ನು ಹೇಳುತ್ತೇನೆ.

ಈ ಕೆಲಸದಲ್ಲಿ ನನ್ನ ಮೊದಲ ಯಜಮಾನರು ಫಾದರ್ ಬೆನೆಡಿಕ್ಟ್. ಇಸ್ತ್ರಿ ಮಾಡಿದ ನಿಲುವಂಗಿ, ಇಸ್ತ್ರಿ ಮಾಡಿದ ಮಾತು. ಅವರ ಕಣ್ಣಿಗೆ ಭಕ್ತಿ ಇರುವುದು ಕೈಯಲ್ಲಿ. ಅಂಗೈ ಅಂಗೈಗೆ ಕೂಡಬೇಕು, ಬೆರಳ ತುದಿ ಗಲ್ಲದ ಕಡೆ ನೋಡಬೇಕು, ಬಲ ಹೆಬ್ಬೆರಳು ಎಡ ಹೆಬ್ಬೆರಳ ಮೇಲೆ ಶಿಲುಬೆಯ ಹಾಗೆ ಅಡ್ಡ ಬರಬೇಕು. "ಕೈ ಸಡಿಲ ಆದ್ರೆ ಮನಸ್ಸೂ ಸಡಿಲ ಆಯ್ತು ಅಂತ ತಿಳ್ಕೊಳಮ್ಮ ಸೆಲಿನ್" ಎನ್ನುತ್ತಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವ ಹಾಗೆ ನಾನು ಅವರಿಗಿಂತ ಎರಡು ಪಟ್ಟು ಬಿಗಿಯಾದೆ. ನನ್ನ ಹತ್ತಿರ ಪುಸ್ತಕದ ರಟ್ಟಿನಂತೆ ಮಡಚುವ ಮರದ ಹಲಗೆಯೊಂದಿತ್ತು. ಒಂದು ಸಲ ಚಟ್ ಎಂದರೆ ಮಕ್ಕಳು ಏಳಬೇಕು, ಎರಡು ಸಲ ಎಂದರೆ ಮಂಡಿಯೂರಬೇಕು. ಆ ಸದ್ದಿಗೆ ಮಕ್ಕಳ ಜೊತೆ ಅಜ್ಜಿಯರೂ ಎದ್ದು ನಿಲ್ಲುತ್ತಿದ್ದರು.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಮಕ್ಕಳು ಮೊದಲ ಬಾರಿ ಪರಮಪ್ರಸಾದ ತೆಗೆದುಕೊಳ್ಳುವ ದಿನ. "ಪ್ರಸಾದ ನಾಲಿಗೆ ಮೇಲೆ ಬಿದ್ದ ತಕ್ಷಣ ಕಣ್ಣು ಮುಚ್ಚಿ. ನಿಮ್ಮ ಜಾಗಕ್ಕೆ ಬಂದು ಮಂಡಿಯೂರುವ ತನಕ ತೆರೆಯಬಾರದು" ಎಂದು ಕಲಿಸಿದ್ದೆ. ಅಷ್ಟೂ ಮಕ್ಕಳು ಅಕ್ಷರಶಃ ಪಾಲಿಸಿದರು. ಕಣ್ಣು ಮುಚ್ಚಿ ತಿರುಗಿದವರು ಒಬ್ಬರ ಹಿಂದೆ ಒಬ್ಬರಂತೆ ಬಲಗಡೆಯ ಕಂಬಕ್ಕೆ ಹೋಗಿ ಢೀ ಎಂದರು. ಢೀ ಎಂದವರೂ ಕಣ್ಣು ತೆರೆಯಲಿಲ್ಲ! ಕೈ ಮಾತ್ರ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಪೂಜೆ ಮುಗಿದ ಮೇಲೆ ಫಾದರ್ ಬೆನೆಡಿಕ್ಟ್ ನನ್ನನ್ನು ಕರೆದು, "ಹೆಬ್ಬೆರಳು ಎಲ್ಲರದ್ದೂ ಸರಿಯಾಗಿತ್ತು" ಎಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆಮೇಲೆ ಕಾಲ ಬದಲಾಯಿತು. ಪ್ರಸಾದವನ್ನು ಕೈಯಲ್ಲಿ ತೆಗೆದುಕೊಳ್ಳುವ ಪದ್ಧತಿ ಬಂತು. ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂತು, ಹಾಡಿನ ಪುಸ್ತಕ ಹೋಗಿ ವಾಟ್ಸಪ್ ಬಂತು. ನಾನು ಪ್ರತಿಯೊಂದಕ್ಕೂ ಮೊದಲು ಮೂಗು ಮುರಿದು, ಆಮೇಲೆ ಕಲಿತು, ಕೊನೆಗೆ ಅದನ್ನೇ ಬೇರೆಯವರಿಗೆ ಕಲಿಸಿದವಳು. ಒಂದಕ್ಕೆ ಮಾತ್ರ ನಾನು ಬಗ್ಗಲಾರೆ ಎಂದುಕೊಂಡಿದ್ದೆ. ಅದು ಶುಕ್ರವಾರದ ಕೂಟ.

ನಮ್ಮ ಚರ್ಚಿನ ಕೆಲವರು ದೂರದ ಧ್ಯಾನಕೇಂದ್ರವೊಂದಕ್ಕೆ ಹೋಗಿ ಬಂದವರು ಶುಕ್ರವಾರ ಸಂಜೆ ಚರ್ಚಿನ ಹಾಲಿನಲ್ಲಿ ಸ್ತುತಿ ಪ್ರಾರ್ಥನೆ ಶುರು ಮಾಡಿದರು. ಚಪ್ಪಾಳೆ, ಡ್ರಮ್ಮು, ಕೈ ಎತ್ತುವುದು, ತೂಗುವುದು, ಅಳುವುದು. ಭದ್ರಾವತಿಯ ಜನ ಕಾರ್ಖಾನೆಗಾಗಿ ನಾಲ್ಕು ದಿಕ್ಕಿನಿಂದ ಬಂದವರು. ತಮಿಳು, ತೆಲುಗು, ಕೊಂಕಣಿ, ಕನ್ನಡ ಎಲ್ಲ ಒಟ್ಟಿಗೆ, ಗಟ್ಟಿಯಾಗಿ, ಏಕಕಾಲಕ್ಕೆ ಪ್ರಾರ್ಥನೆ. ಕೆಲವರು ಇವು ಯಾವುದೂ ಅಲ್ಲದ, ಪವಿತ್ರಾತ್ಮ ಕೊಟ್ಟ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದರು. ಶುಕ್ರವಾರಕ್ಕೆ ಅಷ್ಟೇ ಆಗಿದ್ದರೆ ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ. ಅದು ನಿಧಾನವಾಗಿ ಭಾನುವಾರದ ಪೂಜೆಗೂ ಹರಿದು ಬಂತು. ಫಾದರ್ ಒಬ್ಬರೇ ಹೇಳಬೇಕಾದ ಪ್ರಾರ್ಥನೆಯ ನಡುವೆ ಹಿಂದಿನಿಂದ "ಹಲ್ಲೆಲೂಯ!" ಒಬ್ಬರು ಕೈ ಎತ್ತಿದರೆ ಇನ್ನೊಬ್ಬರು ತಟ್ಟುತ್ತಾರೆ, ಮೂರನೆಯವರು ಇಬ್ಬರನ್ನೂ ದುರುಗುಟ್ಟಿ ನೋಡುತ್ತಾರೆ. ಮೂರನೆಯವರು ಅಂದರೆ ಹೆಚ್ಚಾಗಿ ನಾನೇ.

ಆಗ ಇದ್ದವರು ಫಾದರ್ ರೋಷನ್. ವಯಸ್ಸು ಚಿಕ್ಕದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಸ್ವಭಾವ. ಅವರು ಏನೂ ಮಾಡಲಿಲ್ಲವೆಂದು ನಾನೇ ಒಂದು ದೂರು ಬರೆದೆ. "ಪವಿತ್ರ ಬಲಿಪೂಜೆಯು ಗದ್ದಲದ ಸಂತೆಯಾಗಿದೆ" ಎಂದು ಶುರುವಾಗುವ ನಾಲ್ಕು ಪುಟ. ಹಳೆಯ ಮನೆತನದ ಕೆಲವರ ಸಹಿ ಹಾಕಿಸಿ, ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಬಿಷಪ್ಪರ ಕಚೇರಿಯಲ್ಲಿ ಕೈಯಾರೆ ಕೊಟ್ಟು ಬಂದೆ. ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಅಭಿಮಾನ.

ಉತ್ತರ ಬಂತು. ಶುಕ್ರವಾರದ ಕೂಟವನ್ನು ಸದ್ಯಕ್ಕೆ ನಿಲ್ಲಿಸತಕ್ಕದ್ದು. ಬೆಳೆದ ಮಕ್ಕಳಿಗೆ ಪವಿತ್ರಾತ್ಮನ ವರ ಬೇಡುವ ದೃಢೀಕರಣ ಸಂಸ್ಕಾರ ಕೊಡಲು ಬಿಷಪ್ಪರು ಭದ್ರಾವತಿಗೆ ಬರುವ ದಿನ ಆ ಗುಂಪೇ ಪೂಜೆಯ ಹಾಡು, ಪ್ರಾರ್ಥನೆ ನಡೆಸಲಿ. ಬಿಷಪ್ಪರು ಕಣ್ಣಾರೆ ನೋಡುತ್ತಾರೆ. ಶಿಸ್ತು ಕಂಡರೆ ಕೂಟ ಮುಂದುವರಿಯಬಹುದು, ಗೊಂದಲ ಕಂಡರೆ ಅಲ್ಲಿಗೆ ಶಾಶ್ವತವಾಗಿ ಮುಗಿಯಿತು. ಗೊಂದಲವಿಲ್ಲದೆ ಆ ಜನಕ್ಕೆ ಒಂದು ಹಾಡು ಮುಗಿಸಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೆದ್ದೆ ಎಂದುಕೊಂಡೆ.

ಮರುವಾರ ಶುಕ್ರವಾರ ಸಂಜೆ ಹಾಲಿಗೆ ಬೀಗ ಹಾಕಲು ಹೋದೆ. ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು. ಅಂತೋಣಿಯಣ್ಣ ಮತ್ತು ಅವರ ಹೆಂಡತಿ ಆರೋಗ್ಯಮ್ಮ. ಅಂತೋಣಿಯಣ್ಣ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಬ್ಬಿಣದ ಸದ್ದಿನಲ್ಲಿ ಅಷ್ಟು ವರ್ಷ ನಿಂತು ಎರಡೂ ಕಿವಿ ಹೋಗಿತ್ತು. ಭಾನುವಾರ ಕೊನೆಯ ಬೆಂಚಿನಲ್ಲಿ ಗೋಡೆಗೊರಗಿ ಕೂರುತ್ತಿದ್ದರು. ನಿದ್ದೆ ಮಾಡುತ್ತಾರೆ ಎಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಬೈದುಕೊಂಡಿದ್ದೆ.

"ಕೂಟ ಇಲ್ಲ ಅಂತ ಹೇಳ್ದೆ ಟೀಚರಮ್ಮ, ಇವ್ರು ನಂಬಲ್ಲ" ಎಂದರು ಆರೋಗ್ಯಮ್ಮ. "ಬೀಗ ಹಾಕೋದು ಕಣ್ಣಲ್ಲಿ ನೋಡ್ಲಿ ಅಂತ ಕರ್ಕೊಂಡ್ ಬಂದೆ."

"ಅವರಿಗೆ ಕಿವಿನೇ ಕೇಳಲ್ವಲ್ಲ ಆರೋಗ್ಯಮ್ಮ. ಕೂಟಕ್ಕೆ ಬಂದು ಏನ್ ಮಾಡ್ತಿದ್ರು?"

ಆಕೆ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ, ಇಷ್ಟೂ ತಿಳಿಯದೆ ಹೋಯಿತೇ ಅನ್ನುವಂತೆ. "ಭಾನುವಾರ ಪೂಜೇಲಿ ಎಲ್ರೂ ಕೈ ಮಡಿಸ್ಕೊಂಡು ಬಾಯಲ್ಲೇ ಮಾತಾಡ್ತೀರ. ಇವ್ರಿಗೆ ಏನ್ ಸಿಗುತ್ತೆ ಅದ್ರಲ್ಲಿ? ಶುಕ್ರವಾರ ಮಾತ್ರ ಜನ ಕೈಯಲ್ಲಿ ಪ್ರಾರ್ಥನೆ ಮಾಡ್ತಾರೆ. ಅದು ಇವ್ರಿಗೆ ಕಾಣ್ಸುತ್ತೆ. ವಾರದಲ್ಲಿ ಅದೊಂದಿನ ನಾನೂ ಎಲ್ರ ಜೊತೆ ಇದೀನಿ ಅಂತಾರೆ."

ನಾನು ಬೀಗ ಹಾಕಿದೆ. ಅಂತೋಣಿಯಣ್ಣ ಬೀಗವನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಪಂಚೆ ಕೊಡವಿಕೊಂಡು ಹೊರಟರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದದ್ದು ಬೇರೆಯವರ ಮೂಗನ್ನು. ಅಷ್ಟು ನಾಚಿಕೆ ನನಗೆ ಹಿಂದೆ ಎಂದೂ ಆಗಿರಲಿಲ್ಲ.

ನೇರ ಫಾದರ್ ರೋಷನ್ ಬಳಿ ಹೋಗಿ, "ಫಾದರ್, ಬಿಷಪ್ಪರಿಗೆ ದೂರು ಬರೆದಿದ್ದು ನಾನು" ಎಂದೆ.

"ಗೊತ್ತು ಟೀಚರ್. ನಾಲ್ಕು ಪುಟದಲ್ಲಿ ಒಂದೂ ಒತ್ತಕ್ಷರ ತಪ್ಪಿಲ್ಲದೆ ಬರೆಯೋರು ಈ ಊರಲ್ಲಿ ಇನ್ಯಾರಿದ್ದಾರೆ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ವಾಪಸ್ ತಗೊಳೋಕೆ ಆಗಲ್ಲ. ಬಿಷಪ್ಪರು ಬಂದೇ ಬರ್ತಾರೆ. ನಿಮ್ಮ ಶಿಸ್ತನ್ನ ಆ ಜನಕ್ಕೆ ಕಲಿಸಿಕೊಡಿ. ಮಾಡ್ತೀರಾ?" ಎಂದರು.

ಮಾಡ್ತೀನಿ ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಮೊದಲ ಅಭ್ಯಾಸವೇ ಹದಗೆಟ್ಟಿತು. ನಾನು ಪಟ್ಟಿ ಮಾಡಿದ್ದೆ: ಇಲ್ಲಿ ಚಪ್ಪಾಳೆ, ಇಲ್ಲಿ ಮೌನ, ಇಲ್ಲಿ ಕೈ ಎತ್ತುವುದು. ಹಾಡಿನ ಮುಂದಾಳಾಗಿದ್ದ ಹೆಂಗಸಿಗೆ, "ಸ್ತುತಿಯ ಸಾಲು ಬಂದಾಗ ಎರಡೂ ಕೈ ಮೇಲೆತ್ತಿ ಜನರಿಗೆ ತೋರಿಸಿ, ಎಲ್ಲರೂ ಜೋರಾಗಿ ಹಾಡಲಿ" ಎಂದೆ. ಆಕೆ ಜನರ ಕಡೆ ತಿರುಗಿ, ಅಂಗೈ ಮುಂದೆ ಮಾಡಿ, ಎರಡೂ ಕೈ ಎತ್ತಿದರು. ಹಿಂದಿನ ಏಳೆಂಟು ಸಾಲು ಗಪ್‌ಚಿಪ್. ಮುಂದಿನವರು ಹಾಡುತ್ತಿದ್ದಾರೆ, ಹಿಂದಿನವರು ಬಾಯಿ ಮುಚ್ಚಿ ಕಲ್ಲಿನಂತೆ ನಿಂತಿದ್ದಾರೆ. ಮತ್ತೆ ಮಾಡಿಸಿದೆ. ಮತ್ತೆ ಹಾಗೇ. ಮೂರನೆಯ ಸಲ ನನ್ನ ತಾಳ್ಮೆ ಹೋಯಿತು. "ಏನ್ರಪ್ಪಾ ಆಯ್ತು ನಿಮಗೆ? ಹಾಡೋ ಜಾಗದಲ್ಲಿ ಸರಿಯಾಗಿ ನಿಲ್ಲಿಸ್ತೀರಲ್ಲ!"

ಹಿಂದಿನ ಸಾಲಿನಲ್ಲಿ ಗೊಳ್ ಎಂದು ನಗು ಎದ್ದಿತು. ಅಲ್ಲಿದ್ದವರೆಲ್ಲ ಕಾರ್ಖಾನೆಯ ನಿವೃತ್ತರು. ಅಂತೋಣಿಯಣ್ಣ ನಗುತ್ತ ಮುಂದೆ ಬಂದರು. ಕಿವಿ ಕೇಳದವರ ಜೋರು ದನಿಯಲ್ಲಿ, "ಟೀಚರಮ್ಮಾ! ನಮ್ ಕಾರ್ಖಾನೆ ಶಾಪಲ್ಲಿ ಎದುರು ನಿಂತು ಅಂಗೈ ತೋರ್ಸಿ ಎರಡು ಕೈ ಹಿಂಗೆ ಎತ್ತಿದ್ರೆ ಡೇಂಜರ್! ಎಲ್ಲಾ ನಿಲ್ಸು ಅಂತ! ಮೂವತ್ತು ವರ್ಷ ಅದನ್ ನೋಡಿ ನಿಂತ ಕಾಲು ಇದು. ನೀವ್ ಹಾಡು ಅಂದ್ರೆ ಹೆಂಗ್ ಹಾಡುತ್ತೆ?" ಎಂದರು.

ಆಗ ತಿಳಿಯಿತು ಅವರ ಕೆಲಸವೇನಿತ್ತು ಎಂದು. ಕ್ರೇನ್ ನಡೆಸುವವನು ಮೇಲೆ ಕೂತಿರುತ್ತಾನೆ, ಕೆಳಗೆ ಕಿವಿ ಒಡೆಯುವ ಸದ್ದು, ಕೊಕ್ಕೆಯಲ್ಲಿ ಟನ್ನುಗಟ್ಟಲೆ ಕಬ್ಬಿಣ. ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ, ನಿಧಾನ ಎಂದು ಕೆಳಗಿನಿಂದ ಕೈಸನ್ನೆ ಕೊಡುವವರು ಅಂತೋಣಿಯಣ್ಣ. ಅದಕ್ಕೆ ಭಾಷೆ ಬೇಕಿಲ್ಲ. ತಮಿಳಿನವನು ಕೊಟ್ಟ ಸನ್ನೆಗೆ ತೆಲುಗಿನವನು ಕ್ರೇನ್ ಇಳಿಸುತ್ತಿದ್ದ.

"ಅಲ್ಲಿ ಸನ್ನೆ ಗಲಿಬಿಲಿ ಆಗ್ತಿರ್ಲಿಲ್ವಾ?" ಎಂದು ಆರೋಗ್ಯಮ್ಮನ ಕೈಸನ್ನೆಯ ಮೂಲಕ ಕೇಳಿಸಿದೆ.

"ಗಲಿಬಿಲಿ ಆದ್ರೆ ಹೆಣ ಬೀಳುತ್ತೆ! ಸನ್ನೆ ಕೊಡೋನು ಒಬ್ನೇ ಇರ್ಬೇಕು. ಇಬ್ರು ಕೊಟ್ರೆ ಡ್ರೈವರ್ ಇಬ್ರದ್ದೂ ಕೇಳಂಗಿಲ್ಲ. ನಿಲ್ಸು ಅನ್ನೋದ್ ಮಾತ್ರ ಯಾರ್ ಬೇಕಾದ್ರೂ ಕೊಡ್ಬೋದು. ಮ್ಯಾನೇಜರೂ ಕೊಡ್ಬೋದು, ಕಸ ಗುಡಿಸೋಳೂ ಕೊಡ್ಬೋದು. ಯಾರ್ ಕೊಟ್ರೂ ನಿಲ್ಬೇಕು."

ಹುಡುಗಿಯರೇ, ಈ ಮಾತನ್ನು ಬರೆದಿಟ್ಟುಕೊಳ್ಳಿ. ನಾನು ನಾಲ್ಕು ಪುಟದಲ್ಲಿ ದೂರಿದ ಕಾಯಿಲೆಗೆ ಮದ್ದು ಅದರಲ್ಲೇ ಇತ್ತು. ನಮ್ಮ ಜನರ ಕೈಗಳಲ್ಲಿ ತಪ್ಪೇನೂ ಇರಲಿಲ್ಲ. ಅವರಿಗೆ ಸನ್ನೆ ಕೊಡುವವರು ಹತ್ತು ಮಂದಿ ಇದ್ದರು, ಅಷ್ಟೇ.

ಅಂತೋಣಿಯಣ್ಣನನ್ನು ಮುಂದೆ ನಿಲ್ಲಿಸೋಣ ಎಂದೆ. ಫಾದರ್ ರೋಷನ್ ತಲೆ ಕೆರೆದುಕೊಂಡರು. "ಟೀಚರ್, ಕಿವಿ ಕೇಳದವರು ಹಾಡಿಗೆ ಸಮಯ ಹೇಗೆ ಹೇಳ್ತಾರೆ?" ನನಗೂ ಅದೇ ಅನುಮಾನ. ಕೇಳಿದ್ದಕ್ಕೆ ಅಂತೋಣಿಯಣ್ಣ ಫಾದರ್ ಕಡೆ ಬೊಟ್ಟು ಮಾಡಿ, "ಇವ್ರ ಕೈ ಇದ್ಯಲ್ಲ!" ಎಂದರು. ಆಮೇಲೆ ನಮ್ಮೆದುರು ನಿಂತು ಇಡೀ ಬಲಿಪೂಜೆಯನ್ನು ಒಂದೂ ಮಾತಿಲ್ಲದೆ ಮಾಡಿ ತೋರಿಸಿದರು. ಗುರುಗಳು ಎಲ್ಲಿ ಕೈ ಅಗಲಿಸುತ್ತಾರೆ, ಎಲ್ಲಿ ಕೂಡಿಸುತ್ತಾರೆ, ರೊಟ್ಟಿಯ ಮೇಲೆ ಎಲ್ಲಿ ಅಂಗೈ ಚಾಚುತ್ತಾರೆ, ದ್ರಾಕ್ಷಾರಸದ ಪಾತ್ರೆ ಎಷ್ಟು ಎತ್ತರಕ್ಕೆ ಎತ್ತುತ್ತಾರೆ. ಒಂದೂ ತಪ್ಪಲಿಲ್ಲ. ನಾನು ಅಷ್ಟು ವರ್ಷ ಕಿವಿಯಿಂದ ಪೂಜೆ ಕಲಿಸಿದವಳು. ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದ ಈ ಮನುಷ್ಯ ಕಣ್ಣಿನಿಂದ ನನಗಿಂತ ಚೆನ್ನಾಗಿ ಕಲಿತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚುಮರೆ ಏನಿಲ್ಲ.

ಅಲ್ಲಿಂದ ಕೆಲಸ ಸಲೀಸಾಯಿತು. ಪ್ರತಿ ಶನಿವಾರ ಅಭ್ಯಾಸ. ಅಂತೋಣಿಯಣ್ಣ ಬಲಿಪೀಠದ ಪಕ್ಕಕ್ಕೆ, ಕಂಬದ ಬಳಿ, ಎಲ್ಲರಿಗೂ ಕಾಣುವಂತೆ ನಿಲ್ಲುವುದು. ಫಾದರ್ ಒಬ್ಬರೇ ಪ್ರಾರ್ಥಿಸುವಾಗ ಅಂತೋಣಿಯಣ್ಣನ ಕೈ ಎದೆಯ ಮೇಲೆ, ಜನರದ್ದೂ ಹಾಗೇ, ಪಿಟ್ಟೆನ್ನಬಾರದು. ಸ್ತುತಿಗೆ ಮೊಣಕೈ ಸೊಂಟದ ಬಳಿ ಇಟ್ಟು ಅಂಗೈ ಆಕಾಶಕ್ಕೆ ತೆರೆಯುವುದು. ತಲೆಯ ಮೇಲೆ ಎರಡೂ ಕೈ ಎತ್ತುವುದು ಅಪಾಯಕ್ಕೆ ಮಾತ್ರ ಮೀಸಲು. ಅದನ್ನು ಬದಲಿಸಲು ಹಿಂದಿನ ಸಾಲು ಸುತರಾಂ ಒಪ್ಪಲಿಲ್ಲ. ಗಟ್ಟಿಯಾಗಿ ಪ್ರಾರ್ಥಿಸುವವರು ಪ್ರಾರ್ಥಿಸಲಿ, ಯಾವ ಭಾಷೆಯಾದರೂ ಸರಿ, ಅಂತೋಣಿಯಣ್ಣ ಮುಷ್ಟಿ ಹಿಡಿದರೆ ಎಲ್ಲ ನಿಲ್ಲಬೇಕು. ದೂರಿಗೆ ಸಹಿ ಹಾಕಿದ್ದ ಹಿರಿಯರೊಬ್ಬರು ಅಭ್ಯಾಸ ನೋಡಿ, "ಏನ್ ಸೆಲಿನ್, ನಮ್ಮ ಕೈಲಿ ಸಹಿ ಹಾಕ್ಸಿ ನೀನೇ ಆ ಕಡೆ ಹಾರಿದ್ಯಲ್ಲ" ಎಂದರು. "ನೀವೂ ಹಾರಿ, ಜಾಗ ಇದೆ" ಎಂದೆ.

ದೃಢೀಕರಣದ ದಿನ ಬಂತು. ಚರ್ಚು ತುಂಬಿ ಜನ ಹೊರಗಿನ ಶಾಮಿಯಾನದಲ್ಲೂ ನಿಂತಿದ್ದರು. ಬಿಷಪ್ಪರು ಮೆರವಣಿಗೆಯಲ್ಲಿ ಒಳಗೆ ಬಂದಾಗ ನಾನು ಗೋಡೆಯ ಪಕ್ಕ ನಿಂತು, ಮೊದಲ ಎಡವಟ್ಟು ಯಾವ ಸಾಲಿನಿಂದ ಬರುತ್ತದೋ ಎಂದು ನೋಡುತ್ತಿದ್ದೆ. ಆದರೆ ಜನ ನನ್ನ ಮರ್ಯಾದೆ ಉಳಿಸಿದರು. ಮಹಿಮೆಯ ಗೀತೆಗೆ ನೂರಾರು ಅಂಗೈಗಳು ಒಟ್ಟಿಗೆ ತೆರೆದವು, ಒಟ್ಟಿಗೆ ಮುಚ್ಚಿದವು. ಬಿಷಪ್ಪರು ಕಣ್ಣು ಕಿರಿದು ಮಾಡಿ ನೋಡುವುದು ನನಗೆ ಕಾಣುತ್ತಿತ್ತು. ಕಂಬದ ಬಳಿ ನೀಲಿ ಅಂಗಿ ತೊಟ್ಟ ಅಂತೋಣಿಯಣ್ಣ, ಶಾಪಿನಲ್ಲಿ ನಿಂತಂತೆ ಕಾಲು ಅಗಲಿಸಿ ನಿಂತಿದ್ದರು.

ದೃಢೀಕರಣ ಪಡೆಯುವ ಮಕ್ಕಳು ಉರಿಯುವ ಮೇಣದ ಬತ್ತಿ ಹಿಡಿದು ಮುಂದೆ ಬಂದು ನಿಂತರು. ಹುಡುಗಿಯರ ತಲೆಯ ಮೇಲೆ ತೆಳ್ಳನೆಯ ಬಿಳಿ ನೆಟ್ಟಿನ ಮುಸುಕು. ಪವಿತ್ರಾತ್ಮನನ್ನು ಕರೆಯುವ ಹಾಡು ಶುರುವಾಯಿತು. ಇಡೀ ಸಭೆ ಮಕ್ಕಳ ಕಡೆ ಕೈ ಚಾಚಿ ನಾಲ್ಕು ಭಾಷೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದೆ, ಕೀಬೋರ್ಡು, ಡ್ರಮ್ಮು ತಾರಕಕ್ಕೇರಿದೆ. ಆಗ ನೋಡಿದೆ. ಎರಡನೆಯ ಸಾಲಿನ ಹುಡುಗಿ ಕಣ್ಣು ಮುಚ್ಚಿ ತೂಗುತ್ತಿದ್ದಾಳೆ. ಅವಳ ಬತ್ತಿಯ ಉರಿ ಮುಂದಿದ್ದ ಶೀಲಾ ಎಂಬ ಹುಡುಗಿಯ ಮುಸುಕಿನ ಅಂಚಿಗೆ ಗೇಣು ದೂರ. ಮತ್ತೆ ತೂಗಿದಾಗ ನಾಲ್ಕು ಬೆರಳು.

ನಾನಿದ್ದದ್ದು ಗೋಡೆಯ ಪಕ್ಕ, ನಡುವೆ ಐದು ಸಾಲು ಜನ. "ಶೀಲಾ!" ಎಂದು ಕಿರುಚಿದೆ. ನನ್ನ ಕಿವಿಗೇ ಕೇಳಲಿಲ್ಲ. ಇನ್ನು ಯೋಚಿಸಲಿಲ್ಲ. ಜೀವಮಾನದಲ್ಲಿ ಚರ್ಚಿನೊಳಗೆ ಎದೆಯಿಂದ ಮೇಲಕ್ಕೆ ಏರದ ನನ್ನ ಎರಡೂ ಕೈಗಳನ್ನು, ಅಂಗೈ ಮುಂದೆ ಮಾಡಿ, ತಲೆಯ ಮೇಲೆ ಎತ್ತಿದೆ.

ಅಂತೋಣಿಯಣ್ಣ ನೋಡಿದರು. ಅದೇ ಕ್ಷಣ ಅವರ ಕೈ ಮೇಲೆ ಹೋಯಿತು. ಹಿಂದಿನ ಸಾಲುಗಳಲ್ಲಿ ನಲವತ್ತು ಜೊತೆ ಕೈ ಮೇಲೆ ಹೋಯಿತು. ಡ್ರಮ್ಮು ನಿಂತಿತು, ಹಾಡು ನಿಂತಿತು, ಪ್ರಾರ್ಥನೆ ನಿಂತಿತು. ಶಾಮಿಯಾನದವರೂ ಸುಮ್ಮನಾದರು. ಇಡೀ ಚರ್ಚಿನಲ್ಲಿ ಫ್ಯಾನಿನ ಸದ್ದು ಬಿಟ್ಟು ಏನೂ ಇಲ್ಲ.

"ಶೀಲಾ, ಅಲ್ಲಾಡಬೇಡ ಮಗಳೇ. ಹಿಂದಿನವಳೇ, ಬತ್ತಿ ಕೆಳಗಿಳಿಸು" ಎಂದೆ. ಮಾಮೂಲು ದನಿಯಲ್ಲೇ ಹೇಳಿದೆ, ಅಷ್ಟು ಸಾಕಾಯಿತು. ನಡೆದು ಹೋಗಿ ಮುಸುಕಿನ ಅಂಚನ್ನು ಕೈಯಲ್ಲಿ ಹಿಡಿದೆ. ಸುಟ್ಟಿರಲಿಲ್ಲ, ಬಿಸಿಯಾಗಿತ್ತು. ಸಾಲುಗಳ ನಡುವೆ ಎರಡು ಹೆಜ್ಜೆ ಅಂತರ ಮಾಡಿಸಿದೆ. ಅಂತೋಣಿಯಣ್ಣ ನನ್ನನ್ನೇ ನೋಡುತ್ತಿದ್ದರು. ತಲೆಯಾಡಿಸಿದೆ. ಅವರು ಕೈ ಇಳಿಸಿ ಅಂಗೈ ತೆರೆದರು. ಹಾಡು ನಿಂತಿದ್ದ ಸಾಲಿನಿಂದಲೇ, ನಿಂತಿದ್ದ ಪದದಿಂದಲೇ ಮುಂದುವರಿಯಿತು.

ಪೂಜೆಯ ಕೊನೆಗೆ, ಆಶೀರ್ವಾದಕ್ಕೆ ಮುಂಚೆ, ಬಿಷಪ್ಪರು ಮೈಕ್ ಹಿಡಿದರು. "ಈ ಚರ್ಚಿನಲ್ಲಿ ಶಿಸ್ತಿಲ್ಲ, ಗದ್ದಲ ಹೆಚ್ಚು ಅಂತ ನನಗೊಂದು ದೂರು ಬಂದಿತ್ತು. ಬರೆದವರು ಇಲ್ಲಿದ್ದಾರಾ?"

ಸಾಲು ದಾಟಿಕೊಂಡು ಮುಂದೆ ಬಂದೆ. "ನಾನೇ ಬರೆದಿದ್ದು ಪೂಜ್ಯರೇ."

"ಈಗ ಏನ್ ಹೇಳ್ತೀರಮ್ಮ?"

"ನಾನು ತಪ್ಪು ಬರೆದಿದ್ದೆ. ಶುಕ್ರವಾರದ ಹಾಲಿನ ಬೀಗ ತೆಗೆಸಿಕೊಡಿ."

ಬಿಷಪ್ಪರು ಕಂಬದ ಕಡೆ ತಿರುಗಿ, "ಆ ನೀಲಿ ಅಂಗಿಯವರು ಯಾರು?" ಎಂದರು. ಆರೋಗ್ಯಮ್ಮ ಗಂಡನನ್ನು ಕರೆದುಕೊಂಡು ಮುಂದೆ ಬಂದು ಎಲ್ಲ ಹೇಳಿದರು: ಕಿವಿ, ಕ್ರೇನು, ಶುಕ್ರವಾರ. ಬಿಷಪ್ಪರು ಕೇಳಿಸಿಕೊಂಡು, ಮೈಕನ್ನು ಪಕ್ಕಕ್ಕಿಟ್ಟು, "ಕೆಲಸ ಶುರು ಮಾಡಿ ಅನ್ನೋದಕ್ಕೆ ಇವರ ಸನ್ನೆ ಏನಮ್ಮ?" ಎಂದು ಕೇಳಿದರು. ಆರೋಗ್ಯಮ್ಮ ನಾಚಿಕೊಂಡು ಎರಡೂ ತೋಳನ್ನು ಭುಜದ ಮಟ್ಟಕ್ಕೆ ಅಗಲಿಸಿ ತೋರಿಸಿದರು.

ತಲೆಯ ಮೇಲೆ ಕಿರೀಟ, ಮೈ ಮೇಲೆ ಕೆಂಪು ಪೂಜಾವಸ್ತ್ರ ತೊಟ್ಟಿದ್ದ ಬಿಷಪ್ಪರು ಅಂತೋಣಿಯಣ್ಣನ ಎದುರು ಬಂದು ನಿಂತರು. ತಮ್ಮ ಅಧಿಕಾರದ ಕೋಲನ್ನು ಫಾದರ್ ರೋಷನ್ ಕೈಗೆ ಕೊಟ್ಟರು. ಅಂತೋಣಿಯಣ್ಣನ ಕಣ್ಣಲ್ಲಿ ಕಣ್ಣಿಟ್ಟು, ಎರಡೂ ತೋಳನ್ನು ಅಗಲಿಸಿ ಹಿಡಿದರು.

ಅಂತೋಣಿಯಣ್ಣ ಅಂಗಿ ಎಳೆದು ಸರಿಮಾಡಿಕೊಂಡು ಕಾಲು ಅಗಲಿಸಿ ನಿಂತರು. ಆಮೇಲೆ, ಕಬ್ಬಿಣದ ಸದ್ದನ್ನು ಮೀರಿ ಕೂಗಿ ರೂಢಿಯಾದ ದನಿಯಲ್ಲಿ, ಚರ್ಚಿನ ಗಾಜು ಅದುರುವ ಹಾಗೆ ಕೂಗಿದರು, "ಶುರೂ!"

ಆಗ ಎದ್ದ ಚಪ್ಪಾಳೆಗೆ ಯಾರೂ ಯಾರ ಸನ್ನೆಗೂ ಕಾಯಲಿಲ್ಲ. ನಾನೂ ಕಾಯಲಿಲ್ಲ.